ಚದರ ಮೀಟರಿಗೆ ಮೂರೂವರೆ ಲಕ್ಷ: ಮ್ಯಾನಿ ವಿಲ್ಯಾರ್ ಸಾಮ್ರಾಜ್ಯದ ಲೆಕ್ಕ

2025ರಲ್ಲಿ ಫಿಲಿಪ್ಪೀನ್ಸ್‌ನ ಒಂದು ಕಂಪನಿ ಹಿಂದಿನ ವರ್ಷದ ತನ್ನ ಲಾಭ 99,972 ಕೋಟಿ ಪೆಸೊ ಎಂದು ಪ್ರಕಟಿಸಿತು. ಲಕ್ಷ ಕೋಟಿಗೆ ಬರೀ 28 ಕೋಟಿ ಕಡಿಮೆ. ಅದು ತೈಲ ಕಂಪನಿಯಲ್ಲ, ಬ್ಯಾಂಕೂ ಅಲ್ಲ. ಸ್ಮಶಾನ ಉದ್ಯಾನಗಳನ್ನು ಮಾಡಿ ಸಮಾಧಿ ಜಾಗ ಮಾರುವುದರಿಂದ ಶುರುವಾಗಿ, ಆಮೇಲೆ ಅಗ್ಗದ ಮನೆಗಳನ್ನೂ ಕಟ್ಟತೊಡಗಿದ ಗೋಲ್ಡನ್ ಎಂವಿ ಹೋಲ್ಡಿಂಗ್ಸ್. ಮುಂದೆ ಅದರ ಹೆಸರು ವಿಲ್ಯಾರ್ ಲ್ಯಾಂಡ್ ಎಂದಾಯಿತು. ಆ ವರ್ಷ ಅದು ಮಾರಿದ ಸಮಾಧಿಗಳಿಗೂ ಮನೆಗಳಿಗೂ ಈ ಲಾಭಕ್ಕೂ ಹೆಚ್ಚಿನ ಸಂಬಂಧವಿರಲಿಲ್ಲ. ಮನಿಲಾದ ದಕ್ಷಿಣ ಅಂಚಿನ 366 ಹೆಕ್ಟೇರ್ ಖಾಲಿ ಜಾಗಕ್ಕೆ ಹೊಸ ಬೆಲೆ ಬರೆದುಕೊಂಡದ್ದೇ ಲಾಭ.

ಆ ಕಂಪನಿಯ ಹಿಂದಿರುವವರು ಮ್ಯಾನುಯೆಲ್ ವಿಲ್ಯಾರ್ ಜೂನಿಯರ್. ಊರಿಗೆಲ್ಲ ಮ್ಯಾನಿ ವಿಲ್ಯಾರ್. ಕೆಳಮನೆಯ ಮಾಜಿ ಸ್ಪೀಕರ್, ಮಾಜಿ ಸೆನೆಟ್ ಅಧ್ಯಕ್ಷ, ಒಮ್ಮೆ ಅಧ್ಯಕ್ಷೀಯ ಅಭ್ಯರ್ಥಿ, ಕೆಲ ವರ್ಷ ಫೋರ್ಬ್ಸ್ ಪಟ್ಟಿಯಲ್ಲಿ ದೇಶದ ಅತಿ ಶ್ರೀಮಂತ. ಅವರ ಕಥೆಯನ್ನು ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ: ಸೀಗಡಿ ಮಾರಿ ಮೇಲೆ ಬಂದ ಹುಡುಗ, ಇಲ್ಲವೇ ಅಧಿಕಾರ ಬಳಸಿ ಬೆಳೆದ ಕುಳ. ಎರಡರಲ್ಲೂ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ವಿಲ್ಯಾರ್ ಮಾಡಿದ ಹಣವೆಲ್ಲ ಚದರ ಮೀಟರಿನ ಹಳೆಯ ಬೆಲೆಗೂ ಹೊಸ ಬೆಲೆಗೂ ನಡುವಿನ ವ್ಯತ್ಯಾಸದಲ್ಲಿದೆ. ಆ ವ್ಯತ್ಯಾಸ ಹುಟ್ಟುವುದು ಎಲ್ಲಿ, ಹೇಗೆ ಎಂದು ನೋಡಿದರೆ ರಾಜಕಾರಣವೂ ವ್ಯಾಪಾರವೂ ಒಟ್ಟಿಗೆ ಅರ್ಥವಾಗುತ್ತವೆ.

ಎರಡು ಹಳೆಯ ಲಾರಿ

ವಿಲ್ಯಾರ್ ಹುಟ್ಟಿದ್ದು 1949ರ ಡಿಸೆಂಬರ್ 13ರಂದು, ಮನಿಲಾದ ಬಡವರ ಕೇರಿ ಎಂದೇ ಹೆಸರಾದ ಟೊಂಡೊದಲ್ಲಿ. ಒಂಬತ್ತು ಮಕ್ಕಳಲ್ಲಿ ಎರಡನೆಯವರು. ತಂದೆ ಸರ್ಕಾರಿ ನೌಕರ, ತಾಯಿ ಡಿವಿಸೋರಿಯಾ ಮಾರುಕಟ್ಟೆಯಲ್ಲಿ ಮೀನು, ಸೀಗಡಿ ಮಾರುತ್ತಿದ್ದರು. ಮಗ ಬೆಳಗಿನ ಜಾವ ತಾಯಿಯ ಜೊತೆ ಹೋಗುತ್ತಿದ್ದ. ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ 1970ಕ್ಕೆ ವ್ಯವಹಾರ ಆಡಳಿತದ ಪದವಿ, 1973ಕ್ಕೆ ಎಂಬಿಎ. ನಡುವೆ ದೊಡ್ಡದೊಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ, ಆಮೇಲೆ ಅಭಿವೃದ್ಧಿ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ವಿಶ್ಲೇಷಕ. ಅಂದರೆ ಬ್ಯಾಲೆನ್ಸ್ ಶೀಟ್ ಓದುವುದನ್ನೂ ಸಾಲ ಹೇಗೆ ಮಂಜೂರಾಗುತ್ತದೆ ಎಂಬುದನ್ನೂ ಮೇಜಿನ ಆಚೆ ಬದಿಯಿಂದ ಕಲಿತ ಮನುಷ್ಯ. ಚುನಾವಣಾ ಜಾಹೀರಾತುಗಳು ಸೀಗಡಿ ಬುಟ್ಟಿಯನ್ನು ತೋರಿಸಿದಷ್ಟು ಈ ಭಾಗವನ್ನು ತೋರಿಸಲಿಲ್ಲ.

1975ರಲ್ಲಿ 10,000 ಪೆಸೊ ಹಾಕಿ ಎರಡು ರಿಪೇರಿ ಮಾಡಿದ ಲಾರಿ ಕೊಂಡು, ಮನಿಲಾದ ದಕ್ಷಿಣದ ಲಾಸ್ ಪಿನ್ಯಾಸ್ ಸುತ್ತ ಮರಳು, ಜಲ್ಲಿ ಸಾಗಿಸತೊಡಗಿದರು. ಅಲ್ಲಿಂದ ಮನೆ ಕಟ್ಟುವ ಕೆಲಸ. ಆಗ ಅಲ್ಲಿನ ಬಡಾವಣೆ ವ್ಯಾಪಾರವೆಂದರೆ ಮುಖ್ಯವಾಗಿ ಸೈಟು ಮಾರುವುದು. ಮನೆ ಕಟ್ಟುವುದು ಕೊಂಡವನ ಪಾಡು. ವಿಲ್ಯಾರ್ ಚಿಕ್ಕ ಸೈಟಿನ ಜೊತೆ ಒಂದೇ ನಮೂನೆಯ ಮನೆಯನ್ನೂ ಸೇರಿಸಿ, ಸಾಲುಸಾಲಾಗಿ ಒಟ್ಟಿಗೆ ಕಟ್ಟಿ ಮಾರಿದರು. ಅವರ ಬಡಾವಣೆಗಳ ಕಮೆಲ್ಲಾ ಎಂಬ ಹೆಸರು ಹರಡಿದ್ದು ಹೀಗೆ. ಈವರೆಗೆ ಈ ಬಳಗ ಕಟ್ಟಿದ ಮನೆಗಳು ಎರಡು ಲಕ್ಷಕ್ಕೂ ಹೆಚ್ಚು.

ಈ ವ್ಯಾಪಾರದ ಯಂತ್ರ ಹೇಗೆ ತಿರುಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1976ರ ಅಧ್ಯಕ್ಷೀಯ ಆದೇಶ 957ರ ಪ್ರಕಾರ ಬಿಲ್ಡರ್‌ಗೆ ಮಾರಾಟದ ಪರವಾನಗಿ ಸಿಕ್ಕರೆ ಮನೆ ಏಳುವ ಮುಂಚೆಯೇ ಮಾರಬಹುದು. ಉದಾಹರಣೆಗೆ 20 ಲಕ್ಷ ಪೆಸೊ ಮನೆ ಅಂದುಕೊಳ್ಳಿ. ಕೊಂಡವರು ಶೇ 15, ಅಂದರೆ 3 ಲಕ್ಷವನ್ನು ಒಂದೂವರೆ ವರ್ಷ ಕಂತಿನಲ್ಲಿ ಕಟ್ಟುತ್ತಾರೆ. ಅಷ್ಟರಲ್ಲಿ ಮನೆ ಎದ್ದಿರುತ್ತದೆ. ಆಗ ಬ್ಯಾಂಕೋ, ನೌಕರರ ಉಳಿತಾಯ ನಿಧಿಯಾದ ಪಾಗ್-ಇಬಿಗ್ಗೋ ಉಳಿದ 17 ಲಕ್ಷದ ಸಾಲವನ್ನು ವಹಿಸಿಕೊಂಡು ಬಿಲ್ಡರ್‌ಗೆ ಒಂದೇ ಸಲ ಹಣ ಕೊಡುತ್ತದೆ. ಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶಗಳಲ್ಲಿ ದುಡಿಯುವ ಫಿಲಿಪಿನೋಗಳು ಮತ್ತು ಅವರ ಮನೆಯವರು. ದುಬೈನಿಂದಲೋ ಹಾಂಗ್‌ಕಾಂಗ್‌ನಿಂದಲೋ ಬರುವ ತಿಂಗಳ ಹಣ ಈ ಯಂತ್ರದ ಇಂಧನ.

ಕೆಡುವುದು ಎಲ್ಲಿ? ಒಂದು, ಕಂತು ನಿಂತಾಗ. 1972ರ ಮಸೇಡಾ ಕಾನೂನಿನಂತೆ ಎರಡು ವರ್ಷ ಕಂತು ಕಟ್ಟಿದವರಿಗೆ ಒಪ್ಪಂದ ರದ್ದಾದರೂ ಕಟ್ಟಿದ್ದರಲ್ಲಿ ಅರ್ಧ ವಾಪಸು ಬರಬೇಕು; ಐದು ವರ್ಷದ ಮೇಲೆ ವರ್ಷಕ್ಕೆ ಶೇ 5ರಂತೆ ಹೆಚ್ಚಿ ಶೇ 90ರವರೆಗೆ ಹೋಗುತ್ತದೆ. ಎರಡು ವರ್ಷ ತುಂಬದವರಿಗೆ 60 ದಿನದ ಗಡುವು ಮಾತ್ರ. ಒಂದೂವರೆ ವರ್ಷದ ಮುಂಗಡ ಕಟ್ಟಿ ಸಾಲ ಮಂಜೂರಾಗದೆ ಸಿಕ್ಕಿಬೀಳುವವರೆಲ್ಲ ಈ ಎರಡನೆಯ ಗುಂಪಿನವರೇ ಎಂಬುದನ್ನು ಗಮನಿಸಿ. ಎರಡು, ಬಿಲ್ಡರ್‌ನ ಸ್ವಂತ ಸಾಲ. 1995ರಲ್ಲಿ ವಿಲ್ಯಾರ್ ತಮ್ಮ ಸಿ ಅಂಡ್ ಪಿ ಹೋಮ್ಸ್ ಕಂಪನಿಯನ್ನು ಷೇರುಪೇಟೆಗೆ ತಂದರು. ಎರಡೇ ವರ್ಷಕ್ಕೆ ಏಷ್ಯಾದ ಹಣಕಾಸು ಬಿಕ್ಕಟ್ಟು. 26 ಪೆಸೊ ಆಸುಪಾಸಿನಲ್ಲಿದ್ದ ಡಾಲರ್ 1998ರ ಜನವರಿಯಲ್ಲಿ 40 ದಾಟಿತು, ಬಡ್ಡಿ ಏರಿತು, ಕೊಳ್ಳುವವರು ಮಾಯವಾದರು. ಕಂಪನಿ ಸಾಲ ಕೊಟ್ಟವರ ಮುಂದೆ ಕೂತು ಸಾಲದ ಮರುಹೊಂದಾಣಿಕೆ ಮಾಡಿಕೊಳ್ಳಬೇಕಾಯಿತು. ಚೇತರಿಸಿಕೊಂಡು ವಿಸ್ತಾ ಲ್ಯಾಂಡ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಪೇಟೆಗೆ ಬಂದದ್ದು 2007ರಲ್ಲಿ. ಈ ಹತ್ತು ವರ್ಷಗಳಲ್ಲಿ ಅವರನ್ನು ಉಳಿಸಿದ್ದು ಕಟ್ಟಿದ ಮನೆಗಳಿಗಿಂತ ಕೈಬಿಡದೆ ಇಟ್ಟುಕೊಂಡ ಭೂಮಿ.

ಗದ್ದೆ ಸೈಟಾಗುವ ದಾರಿ

ಮನೆ ಮಾರುವುದರಲ್ಲಿ ಲಾಭವಿದೆ. ಆದರೆ ಹೆಕ್ಟೇರ್ ಲೆಕ್ಕದಲ್ಲಿ ಕೊಂಡು ಚದರ ಮೀಟರ್ ಲೆಕ್ಕದಲ್ಲಿ ಮಾರುವುದರಲ್ಲಿ ಇರುವ ಲಾಭವೇ ಬೇರೆ. ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆ ಮೂರು ಬಾಗಿಲು ದಾಟಬೇಕು. ಮೊದಲನೆಯದು ಸ್ಥಳೀಯ ಕೌನ್ಸಿಲ್. 1991ರ ಸ್ಥಳೀಯ ಸರ್ಕಾರ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ ದೊಡ್ಡ ನಗರಗಳು ತಮ್ಮ ಕೃಷಿಭೂಮಿಯಲ್ಲಿ ಶೇ 15ರವರೆಗೆ, ಸಣ್ಣ ನಗರಗಳು ಮತ್ತು ಮೊದಲ ಮೂರು ದರ್ಜೆಯ ಪಟ್ಟಣಗಳು ಶೇ 10ರವರೆಗೆ, ಉಳಿದವು ಶೇ 5ರವರೆಗೆ ಬೇರೆ ಬಳಕೆಗೆ ವರ್ಗೀಕರಿಸಬಹುದು. ಎರಡನೆಯದು ಭೂಸುಧಾರಣಾ ಇಲಾಖೆ. ನಿಜವಾದ ಭೂಪರಿವರ್ತನೆಗೆ ಅದರ ಒಪ್ಪಿಗೆ ಬೇಕು. ಆದರೆ 1988ರ ಜೂನ್ 15ಕ್ಕೆ ಮುಂಚೆಯೇ ಕೃಷಿಯೇತರ ಎಂದು ವರ್ಗವಾಗಿದ್ದ ಭೂಮಿ ಭೂಸುಧಾರಣೆಯ ವ್ಯಾಪ್ತಿಗೇ ಬರುವುದಿಲ್ಲ. ಹಾಗಾಗಿ ಹಳೆಯ ವಲಯ ನಕ್ಷೆಯಲ್ಲಿ ಯಾವ ಬಣ್ಣ ಬಳಿದಿತ್ತು ಎಂಬ ಒಂದು ಕಾಗದದ ಮೇಲೆ ಕೋಟಿಗಟ್ಟಲೆ ನಿಂತಿರುತ್ತದೆ.

ಮೂರನೆಯದು ರಸ್ತೆ. ಇದು ಕಾನೂನಿನಲ್ಲಿ ಬಾಗಿಲಲ್ಲ, ಪೇಟೆಯಲ್ಲಿ ಹೌದು. ಈಗ ‘ವಿಲ್ಯಾರ್ ಸಿಟಿ’ ಎಂದು ಕರೆಯುವ ಸುಮಾರು 3,500 ಹೆಕ್ಟೇರ್ ಪ್ರದೇಶ ಲಾಸ್ ಪಿನ್ಯಾಸ್, ಮುಂಟಿನ್‌ಲುಪಾಗಳಿಂದ ಕವೀತೆ ಪ್ರಾಂತ್ಯದ ಒಳಕ್ಕೆ ಚಾಚಿದೆ. ಅದಕ್ಕೆ ಜೀವ ಬಂದದ್ದು ದಾಂಗ್ ಹಾರಿ ರಸ್ತೆಯಿಂದ. 2015ರಲ್ಲಿ ಆ ರಸ್ತೆಯನ್ನು ದಕ್ಷಿಣದ ಹೆದ್ದಾರಿಗೆ ಜೋಡಿಸುವ 4 ಕಿಲೋಮೀಟರ್ ಟೋಲ್ ರಸ್ತೆ ತೆರೆಯಿತು. ಅದನ್ನು ಕಟ್ಟಿದ್ದು ಭೂವ್ಯಾಪಾರದಲ್ಲಿ ವಿಲ್ಯಾರ್‌ಗೆ ಎದುರಾಳಿಯಾದ ಆಯಾಲಾ ಬಳಗ ಎಂಬುದು ತಮಾಷೆ. ರಸ್ತೆ ಯಾರೇ ಮಾಡಲಿ, ಬೆಲೆ ಏರುವುದು ಪಕ್ಕದಲ್ಲಿ ಜಾಗ ಇಟ್ಟುಕೊಂಡವರದು.

ರಸ್ತೆ ಎಲ್ಲಿ ತಿರುಗಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಜಾಗದ ಒಡೆಯರೇ ಕೂತಿದ್ದರೆ? 2008ರಲ್ಲಿ ಎದ್ದ ಪ್ರಶ್ನೆ ಇದೇ. ಆ ವರ್ಷದ ಬಜೆಟ್‌ನಲ್ಲಿ ಮನಿಲಾದ ಸುತ್ತುರಸ್ತೆ ಸಿ-5ರ ವಿಸ್ತರಣೆಗೆ 20 ಕೋಟಿ ಪೆಸೊ ಎರಡು ಕಡೆ ನಮೂದಾಗಿದೆ ಎಂದು ಸೆನೆಟರ್ ಪನ್ಫಿಲೊ ಲಾಕ್ಸನ್ ಎತ್ತಿ ತೋರಿಸಿದರು. ಆಗ ಸೆನೆಟ್ ಅಧ್ಯಕ್ಷರಾಗಿದ್ದವರು ವಿಲ್ಯಾರ್. ರಸ್ತೆಯ ದಾರಿ ಅವರ ಬಳಗದ ಜಾಗಗಳ ಕಡೆಗೆ ಬಾಗಿದೆ, ಪರಿಹಾರವೂ ಅವರ ಕಂಪನಿಗಳಿಗೆ ಹೋಗಿದೆ ಎಂಬ ದೂರನ್ನು ಸೆನೆಟರ್ ಜಾಂಬಿ ಮದ್ರಿಗಲ್ ನೀತಿ ಸಮಿತಿಗೆ ಕೊಟ್ಟರು. 2008ರ ನವೆಂಬರ್‌ನಲ್ಲಿ ವಿಲ್ಯಾರ್ ಅಧ್ಯಕ್ಷಗಿರಿ ಬಿಟ್ಟರು; ಹುವಾನ್ ಪೊನ್ಸೆ ಎನ್ರೀಲೆ ಬಂದರು. ವಿಚಾರಣೆ ನಡೆಸಿದ ಸೆನೆಟ್ ಸಮಿತಿಯ 2010ರ ವರದಿ ಖಂಡನೆಗೂ 622 ಕೋಟಿ ಪೆಸೊ ಹಿಂತಿರುಗಿಸುವುದಕ್ಕೂ ಶಿಫಾರಸು ಮಾಡಿತು. ಸದನ ಅದನ್ನು ಅಂಗೀಕರಿಸಲೇ ಇಲ್ಲ. ವಿಲ್ಯಾರ್ ಆರೋಪವನ್ನು ಪೂರ್ತಿ ಅಲ್ಲಗಳೆದರು. ಇದು ಚುನಾವಣೆಯ ಹೊಸ್ತಿಲಲ್ಲಿ ನಡೆದ ರಾಜಕೀಯ ಎಂದರು. ಸುಪ್ರೀಂ ಕೋರ್ಟ್ 2011ರಲ್ಲಿ ಸಮಿತಿಯ ಅಧಿಕಾರವನ್ನು ಎತ್ತಿಹಿಡಿಯಿತು, ಆದರೆ ಅದರ ನಿಯಮಗಳು ಮೊದಲು ಪ್ರಕಟವಾಗಬೇಕು ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ಹತ್ತು ತಿಂಗಳಾಗಿತ್ತು.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ತಪ್ಪಿತಸ್ಥರೋ ಅಲ್ಲವೋ ಎಂಬುದಲ್ಲ. ಅದಂತೂ ಯಾವ ನ್ಯಾಯಾಲಯದಲ್ಲೂ ತೀರ್ಮಾನವಾಗಿಲ್ಲ. 1987ರ ಸಂವಿಧಾನದ 6ನೇ ವಿಧಿಯ 14ನೇ ಸೆಕ್ಷನ್ ಶಾಸಕರು ಸರ್ಕಾರದ ಗುತ್ತಿಗೆ, ಫ್ರಾಂಚೈಸಿಗಳಲ್ಲಿ (ಸರ್ಕಾರ ಕೊಡುವ ವಿಶೇಷ ಪರವಾನಗಿ) ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಣಕಾಸಿನ ಆಸಕ್ತಿ ಹೊಂದಬಾರದು ಎನ್ನುತ್ತದೆ. ರಸ್ತೆಯ ಪಕ್ಕ ಜಾಗ ಇರುವುದು ಗುತ್ತಿಗೆಯೂ ಅಲ್ಲ, ಫ್ರಾಂಚೈಸಿಯೂ ಅಲ್ಲ. ಸ್ವಂತ ಹಣದ ಲಾಭಕ್ಕಾಗಿ ಸರ್ಕಾರಿ ಕಚೇರಿಗಳ ವಿಷಯದಲ್ಲಿ ಕೈಹಾಕಬಾರದು ಎಂದೂ ಆ ಸೆಕ್ಷನ್‌ನಲ್ಲಿದೆ; ಆದರೆ ಭೂಮಿಯ ಬೆಲೆಯೇರಿಕೆಯನ್ನೇ ನೇರವಾಗಿ ಹಿಡಿಯುವ ಬಲೆ ಅದರಲ್ಲಿಲ್ಲ.

ಪ್ರಾರ್ಥನೆಯಿಂದ ಶುರುವಾದ ಮಹಾಭಿಯೋಗ

ರಾಜಕೀಯಕ್ಕೆ ಬಂದದ್ದು 1992ರಲ್ಲಿ, ಲಾಸ್ ಪಿನ್ಯಾಸ್–ಮುಂಟಿನ್‌ಲುಪಾ ಕ್ಷೇತ್ರದಿಂದ. ಹೆಂಡತಿ ಸಿಂಥಿಯಾ ಅವರ ತಂದೆ ಫಿಲೆಮೋನ್ ಅಗಿಲಾರ್ ಲಾಸ್ ಪಿನ್ಯಾಸ್‌ನ ಮೇಯರ್ ಆಗಿದ್ದವರು, ಅದೇ ಕ್ಷೇತ್ರದ ಪ್ರತಿನಿಧಿಯೂ ಆಗಿದ್ದವರು. ಮಾವನ ಕ್ಷೇತ್ರ ಅಳಿಯನಿಗೆ ಬಂತು. 1998ರಲ್ಲಿ ವಿಲ್ಯಾರ್ ಸ್ಪೀಕರ್ ಆದರು, ಆಗಿನ ಅಧ್ಯಕ್ಷ ಜೋಸೆಫ್ ಎಸ್ತ್ರಾದಾ ಬೆಂಬಲದಿಂದಲೇ.

ಎರಡು ವರ್ಷದಲ್ಲಿ ಎಸ್ತ್ರಾದಾ ಮೇಲೆ ಜೂಜಿನ ಲಂಚದ ಆರೋಪ ಬಂತು. ಅಲ್ಲಿನ ಸಂವಿಧಾನದ ಪ್ರಕಾರ ಕೆಳಮನೆಯ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿದರೆ ಮಹಾಭಿಯೋಗದ ದೂರು ಮತದಾನವಿಲ್ಲದೆ ಸೆನೆಟ್‌ಗೆ ಹೋಗುತ್ತದೆ. 218 ಜನರಲ್ಲಿ 73 ಸಾಕಿತ್ತು. 115 ಸಹಿ ಬಿದ್ದವು. 2000ನೇ ಇಸವಿ ನವೆಂಬರ್ 13ರಂದು ವಿಲ್ಯಾರ್ ಕಲಾಪದ ಆರಂಭದ ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಮುಗಿದದ್ದೇ, ಯಾರೂ ಎದ್ದು ಆಕ್ಷೇಪಿಸುವಷ್ಟು ಸಂದು ಕೊಡದೆ, ದೂರನ್ನು ಸೆನೆಟ್‌ಗೆ ಕಳಿಸುವ ಆದೇಶ ಓದಿಬಿಟ್ಟರು. ಸದನದಲ್ಲಿ ಕೂಗಾಟ. ಅದೇ ದಿನ ಸ್ಪೀಕರ್ ಸ್ಥಾನ ಹೋಯಿತು. ಎರಡು ತಿಂಗಳಲ್ಲಿ ಎಸ್ತ್ರಾದಾ ಸ್ಥಾನವೂ ಹೋಯಿತು. 2001ರ ಮೇನಲ್ಲಿ ವಿಲ್ಯಾರ್ ಸೆನೆಟರ್.

2010ರ ಅಧ್ಯಕ್ಷೀಯ ಚುನಾವಣೆಗೆ ನಾಸಿಯೊನಲಿಸ್ತಾ ಪಕ್ಷದಿಂದ ನಿಂತಾಗ ಘೋಷಣೆ ‘ಸಿಪಾಗ್ ಆತ್ ತಿಯಾಗಾ’, ದುಡಿಮೆ ಮತ್ತು ತಾಳ್ಮೆ. ಕಸದ ಕಡಲಲ್ಲಿ ಸ್ನಾನ ಮಾಡಿದ್ದೀಯಾ ಎಂದು ಮಕ್ಕಳು ಕೇಳುವ ಅವರ ಜಾಹೀರಾತು ಹಾಡು ಇಡೀ ದೇಶದ ಬಾಯಲ್ಲಿತ್ತು. ಜನವರಿಯ ಒಂದು ಸಮೀಕ್ಷೆಯಲ್ಲಿ ಬೆನಿನ್ಯೊ ಅಕ್ವಿನೊಗೆ ಶೇ 37, ವಿಲ್ಯಾರ್‌ಗೆ ಶೇ 35. ಆಮೇಲೆ ಸಿ-5 ವರದಿ, ಜನಬೆಂಬಲ ಕಳೆದುಕೊಂಡಿದ್ದ ಅಧ್ಯಕ್ಷೆ ಅರೊಯೊ ಅವರ ಗುಪ್ತ ಅಭ್ಯರ್ಥಿ ಎಂಬ ಅರ್ಥದ ‘ವಿಲ್ಯಾರೊಯೊ’ ಎಂಬ ಅಡ್ಡಹೆಸರು, ಕುಟುಂಬ ಹೇಳಿಕೊಂಡಷ್ಟು ಬಡತನದಲ್ಲಿ ಇತ್ತೇ ಎಂದು ಪತ್ರಿಕೆಗಳು ಹಳೆಯ ದಾಖಲೆ ಕೆದಕಿದ್ದು, ಎಲ್ಲ ಒಟ್ಟಿಗೆ ಬಂದವು. ಫಲಿತಾಂಶದಲ್ಲಿ ಸುಮಾರು 55 ಲಕ್ಷ ಮತ, ಶೇ 15, ಮೂರನೇ ಸ್ಥಾನ. ಎರಡನೆಯವರು ಯಾರು ಗೊತ್ತೇ? ಹತ್ತು ವರ್ಷದ ಹಿಂದೆ ಅವರೇ ಸೆನೆಟ್‌ಗೆ ಕಳಿಸಿದ್ದ ಎಸ್ತ್ರಾದಾ.

ಅಲ್ಲಿಗೆ ಅವರ ಸ್ವಂತ ರಾಜಕೀಯ ಮುಗಿಯಿತು ಎನ್ನಬಹುದು. ಮನೆತನದ್ದು ಮುಗಿಯಲಿಲ್ಲ. ಕೆಳಮನೆಗೆ ಸತತ ಮೂರು ಅವಧಿ, ಅಂದರೆ ಒಂಬತ್ತು ವರ್ಷ. ಸೆನೆಟ್‌ಗೆ ಸತತ ಎರಡು, ಅಂದರೆ ಹನ್ನೆರಡು ವರ್ಷ. ಇದು ಸಂವಿಧಾನದ ಮಿತಿ. ಈಗ ಲಾಸ್ ಪಿನ್ಯಾಸ್ ಸ್ಥಾನ ನೋಡಿ: ಮ್ಯಾನಿ 1992ರಿಂದ 2001, ಸಿಂಥಿಯಾ 2001ರಿಂದ 2010, ಮಗ ಮಾರ್ಕ್ 2010ರಿಂದ ಲೋಕೋಪಯೋಗಿ ಸಚಿವರಾಗಿ ಹೋಗುವವರೆಗೆ, ಮಗಳು ಕಮೀಲ್ 2019ರಿಂದ 2025. ಸೆನೆಟ್ ನೋಡಿ: ಮ್ಯಾನಿ 2001ರಿಂದ 2013, ಸಿಂಥಿಯಾ 2013ರಿಂದ 2025, ಮಾರ್ಕ್ 2022ರಿಂದ, ಕಮೀಲ್ 2025ರಿಂದ. ಅವಧಿ ಮಿತಿಯನ್ನು ಮುರಿದಿಲ್ಲ. ರಿಲೇ ಓಟದ ಕೋಲಿನಂತೆ ಬಳಸಿಕೊಂಡಿದ್ದಾರೆ. ರಾಜಕೀಯ ವಂಶಾಡಳಿತವನ್ನು ಕಾನೂನು ವಿವರಿಸಿದಂತೆ ನಿಷೇಧಿಸಬೇಕು ಎಂದು ಅದೇ ಸಂವಿಧಾನದ 2ನೇ ವಿಧಿಯಲ್ಲಿದೆ. ಆ ವಿವರಿಸುವ ಕಾನೂನು 1987ರಿಂದ ಬಂದಿಲ್ಲ. ಬರಬೇಕಾದದ್ದು ಇಂಥ ಮನೆತನಗಳೇ ತುಂಬಿದ ಸದನದಿಂದ.

ಓಟದಲ್ಲಿ ಕೋಲು ಜಾರಿದ್ದು 2025ರ ಮೇನಲ್ಲಿ. ಕಮೀಲ್ ಹನ್ನೆರಡರಲ್ಲಿ ಹತ್ತನೆಯವರಾಗಿ ಸೆನೆಟ್ ಗೆದ್ದರು, ಆದರೆ ಹಳೆಯ ಕೆಳಮನೆ ಸ್ಥಾನಕ್ಕೆ ಮರಳಲು ನಿಂತ ಸಿಂಥಿಯಾ ತವರಿನಲ್ಲೇ ನಗರ ಕೌನ್ಸಿಲರ್ ಒಬ್ಬರ ಕೈಲಿ ಸೋತರು.

ನಲ್ಲಿಯ ನೀರು, ಎರಡನೇ ಚಾನೆಲ್

ಬಡಾವಣೆ ಕಟ್ಟಿದವರಿಗೆ ಮುಂದೆ ಮಾಲ್, ಹಾರ್ಡ್‌ವೇರ್ ಅಂಗಡಿ, ಸೂಪರ್‌ಮಾರ್ಕೆಟ್ ಸಹಜ. ಹಾರ್ಡ್‌ವೇರ್ ಅಂಗಡಿಗಳ ಆಲ್‌ಹೋಮ್ 2019ರಲ್ಲಿ, ಸೂಪರ್‌ಮಾರ್ಕೆಟ್‌ಗಳ ಆಲ್‌ಡೇ 2021ರಲ್ಲಿ ಷೇರುಪೇಟೆಗೆ ಬಂದವು. ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಟಿವಿಯ ಕಥೆ ಬೇರೆ: 2020ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಫ್ರಾಂಚೈಸಿ ನವೀಕರಿಸದೆ ಎಬಿಎಸ್-ಸಿಬಿಎನ್ ಎಂಬ ಟಿವಿ ಜಾಲದ ಪ್ರಸಾರ ನಿಂತ ಮೇಲೆ, 2022ರ ಜನವರಿಯಲ್ಲಿ ಅದರ ಹಳೆಯ ಎರಡನೇ ಚಾನೆಲ್‌ನ ತರಂಗಾಂತರ ವಿಲ್ಯಾರ್ ಕಂಪನಿಗೆ ಸಿಕ್ಕಿತು. ಆಲ್‌ಟಿವಿ ಎಂಬ ಆ ಚಾನೆಲ್‌ಗೆ ನೋಡುಗರು ಕೂಡಿಬರದೆ, 2024ರಲ್ಲಿ ಎಬಿಎಸ್-ಸಿಬಿಎನ್‌ನ ಕಾರ್ಯಕ್ರಮಗಳನ್ನೇ ತಂದು ಹಾಕಬೇಕಾಯಿತು.

ನೀರಿನದು ಗಂಭೀರ. ಮನಿಲಾದ ಹೊರಗೆ ಮುಖ್ಯವಾಗಿ ನೀರು ಕೊಡುವುದು 1973ರ ಅಧ್ಯಕ್ಷೀಯ ಆದೇಶ 198ರಡಿ ಹುಟ್ಟಿದ, ‘ನೀರು ಜಿಲ್ಲೆ’ ಎಂದು ಕರೆಯುವ ಸ್ಥಳೀಯ ಸಂಸ್ಥೆಗಳು. ಅವು ಸರ್ಕಾರಿ ನಿಗಮಗಳೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆಗ ವಿಲ್ಯಾರ್ ಬಳಗದ್ದಾಗಿದ್ದ ಪ್ರೈಮ್‌ವಾಟರ್ ಇಂಥ ಹತ್ತಾರು ಜಿಲ್ಲೆಗಳ ಜೊತೆ ಬಹುಪಾಲು 25 ವರ್ಷದ ಜಂಟಿ ಒಪ್ಪಂದ ಮಾಡಿಕೊಂಡಿತು. ಪೈಪು, ಕೊಳವೆಬಾವಿ, ಪಂಪುಗಳ ಒಡೆತನ ಜಿಲ್ಲೆಯದೇ. ನಡೆಸುವುದು, ಬಿಲ್ ವಸೂಲಿ ಕಂಪನಿಯದು. ಜಿಲ್ಲೆಗೆ ನಿಗದಿತ ಪಾಲು. ಕಾಗದದ ಮೇಲೆ ಚೆನ್ನಾಗಿದೆ. ಕೆಡುವುದು ಹೀಗೆ: ಬಡಾವಣೆ ಹೆಚ್ಚಿದಂತೆ ಸಂಪರ್ಕ ಹೆಚ್ಚುತ್ತದೆ, ಹೊಸ ಮೂಲಕ್ಕೆ ಬಂಡವಾಳ ಬಾರದೆ ಅದೇ ಕೊಳವೆಬಾವಿಗಳಿಂದ ಎಳೆಯಬೇಕಾಗುತ್ತದೆ, ಹಳೆಯ ಪೈಪಿನಲ್ಲಿ ಸೋರಿಕೆ, ಒತ್ತಡ ಕುಸಿದು ಎತ್ತರದ ಮನೆಗಳ ನಲ್ಲಿ ಒಣಗುತ್ತದೆ. ಜನ ನಡುರಾತ್ರಿ ಎದ್ದು ಡ್ರಮ್ ತುಂಬಿಸುತ್ತಾರೆ, ಬಿಲ್ ಮಾತ್ರ ತಪ್ಪದೆ ಬರುತ್ತದೆ. ಗುರಿ ತಪ್ಪಿದರೆ ದಂಡ ಹಾಕಬೇಕಾದ ಜಿಲ್ಲೆಯೋ, ತನ್ನ ಆದಾಯಕ್ಕೆ ಅದೇ ಕಂಪನಿಯ ಪಾಲನ್ನು ಕಾಯುತ್ತಿರುತ್ತದೆ. ಬುಲಕಾನ್ ಪ್ರಾಂತ್ಯದ ಸಾನ್ ಹೊಸೆ ದೆಲ್ ಮೊಂತೆಯಂಥ ಕಡೆಗಳಿಂದ ದೂರು ಜೋರಾದ ಮೇಲೆ 2025ರಲ್ಲಿ ಅಧ್ಯಕ್ಷ ಮಾರ್ಕೋಸ್ ಜೂನಿಯರ್ ತನಿಖೆಗೆ ಆದೇಶಿಸಿದರು.

ಬೆಲೆ ಬರೆದವರು ಯಾರು

ಈಗ ಮತ್ತೆ 366 ಹೆಕ್ಟೇರಿಗೆ. 2024ರಲ್ಲಿ ಗೋಲ್ಡನ್ ಎಂವಿ ವಿಲ್ಯಾರ್ ಸಿಟಿಯೊಳಗಿನ ಆ ಜಾಗದ ಒಡೆತನವಿದ್ದ ಮೂರು ಭೂಮಿ ಕಂಪನಿಗಳನ್ನು 520 ಕೋಟಿ ಪೆಸೊಗೆ ಕೊಂಡಿತು. 366 ಹೆಕ್ಟೇರೆಂದರೆ 36.6 ಲಕ್ಷ ಚದರ ಮೀಟರ್. ಚದರ ಮೀಟರಿಗೆ ಸುಮಾರು 1,420 ಪೆಸೊ ಬಿತ್ತು. ವರ್ಷದ ಕೊನೆಗೆ ಮರುಮೌಲ್ಯಮಾಪನ ಮಾಡಿಸಿದಾಗ ಕಂಪನಿಯ ಒಟ್ಟು ಆಸ್ತಿ 1.33 ಲಕ್ಷ ಕೋಟಿ ಪೆಸೊ. ಭಾಗಿಸಿದರೆ ಚದರ ಮೀಟರಿಗೆ ಮೂರೂವರೆ ಲಕ್ಷದ ಆಸುಪಾಸು.

ಇದಕ್ಕೆ ದಾರಿ ಮಾಡಿಕೊಡುವುದು ಹೂಡಿಕೆ ಆಸ್ತಿಯ ಲೆಕ್ಕ ಮಾನದಂಡ 40. ಅದರಲ್ಲಿ ಎರಡು ಆಯ್ಕೆ. ಕಾಸ್ಟ್ ಮಾದರಿಯಲ್ಲಿ ಕೊಂಡ ಬೆಲೆಯೇ ಪುಸ್ತಕದಲ್ಲಿರುತ್ತದೆ. ಫೇರ್ ವ್ಯಾಲ್ಯೂ ಮಾದರಿಯಲ್ಲಿ ಪ್ರತಿ ವರ್ಷದ ಬೆಲೆ ಬದಲಾವಣೆ ನೇರವಾಗಿ ಲಾಭ–ನಷ್ಟದ ಪಟ್ಟಿಗೆ ಇಳಿಯುತ್ತದೆ, ಒಂದು ಚದರ ಅಡಿ ಮಾರದಿದ್ದರೂ. ಈ ಲಾಭವನ್ನು ಲಾಭಾಂಶವಾಗಿ ಹಂಚುವಂತಿಲ್ಲ, ಕೈಗೆ ನಗದೂ ಬರುವುದಿಲ್ಲ. ಅಂದಹಾಗೆ, ಬೆಂಗಳೂರಿನ ಲಿಸ್ಟೆಡ್ ಬಿಲ್ಡರ್ ಒಬ್ಬರು ಹೀಗೆ ಮಾಡಲಾರರು: ಭಾರತದ ಇಂಡ್ ಎಎಸ್ 40 ಕಾಸ್ಟ್ ಮಾದರಿಯನ್ನು ಮಾತ್ರ ಒಪ್ಪುತ್ತದೆ, ಫೇರ್ ವ್ಯಾಲ್ಯೂ ಟಿಪ್ಪಣಿಯಲ್ಲಷ್ಟೇ.

ಮೌಲ್ಯಮಾಪಕರು ಸಾಮಾನ್ಯವಾಗಿ ಹತ್ತಿರದ ವಾಣಿಜ್ಯ ನಿವೇಶನಗಳ ಬೆಲೆ ಹಿಡಿದು ಹೋಲಿಸುತ್ತಾರೆ. ಸಾವಿರ ಚದರ ಮೀಟರಿನ ಮೂಲೆ ಸೈಟಿನ ದರವನ್ನು ನೂರಾರು ಹೆಕ್ಟೇರಿಗೆ ಎಳೆದರೆ ಏನಾಗುತ್ತದೆ? ಒಂದು ಕಚ್ಚಾ ಲೆಕ್ಕ ಹಾಕೋಣ. ರಸ್ತೆ, ಚರಂಡಿ, ಪಾರ್ಕಿಗೆ ಬಿಟ್ಟು ಮಾರಲು ಸಿಗುವುದು ಶೇ 60, ಅಂದರೆ 220 ಹೆಕ್ಟೇರ್. ವರ್ಷಕ್ಕೆ 5 ಹೆಕ್ಟೇರ್ ಮಾರಿದರೂ 44 ವರ್ಷ ಬೇಕು. ದರ ಏರದೆ ನಿಂತಿದೆ ಎಂದುಕೊಂಡು ಶೇ 10ರ ಬಡ್ಡಿಯಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ, ಇಡೀ ಜಾಗಕ್ಕೆ ಆ ದರ ಗುಣಿಸಿ ಬಂದ ಮೊತ್ತದ ಶೇ 13ರಷ್ಟು ಮಾತ್ರ ಉಳಿಯುತ್ತದೆ. ಅದೂ ಅಭಿವೃದ್ಧಿ ವೆಚ್ಚ ಕಳೆಯದೆ. ದರ ಏರುತ್ತದೆ ಎಂದು ವಾದಿಸಬಹುದು. ಆದರೆ ಆ ಏರಿಕೆಯನ್ನು ಇಂದೇ ಪೂರ್ತಿ ಎಣಿಸಿಕೊಳ್ಳುವುದು ಮೊಟ್ಟೆಯಿಡದ ಕೋಳಿಯ ಮರಿ ಮಾರಿದಂತೆ.

ಷೇರಿನ ಕಥೆಯೂ ಇದೇ ಜಾತಿಯದು. 2016ರಲ್ಲಿ 10.50 ಪೆಸೊಗೆ ಬಿಡುಗಡೆಯಾದ ಷೇರು 2025ಕ್ಕೆ ಎರಡು ಸಾವಿರ ದಾಟಿತ್ತು. ಸಾರ್ವಜನಿಕರ ಕೈಯಲ್ಲಿದ್ದದ್ದು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ. ಅಷ್ಟು ತೆಳು ಪೇಟೆಯಲ್ಲಿ ಕೆಲವೇ ಷೇರು ಕೈ ಬದಲಾದ ದರವನ್ನು 64 ಕೋಟಿ ಷೇರಿಗೂ ಗುಣಿಸಿ ‘ಮಾರುಕಟ್ಟೆ ಮೌಲ್ಯ’ ಎಂದರೆ ಅದು ಕನ್ನಡಿಯೊಳಗಿನ ಗಂಟು. ಆ ಗಂಟನ್ನೂ ಎಣಿಸಿಯೇ ಫೋರ್ಬ್ಸ್ ಆ ವರ್ಷ ವಿಲ್ಯಾರ್ ಸಂಪತ್ತು ಸುಮಾರು 1,700 ಕೋಟಿ ಡಾಲರ್ ಎಂದಿತು.

ಲೆಕ್ಕಪರಿಶೋಧಕರ ಸಹಿ ಬೀಳಲಿಲ್ಲ. ವಾರ್ಷಿಕ ವರದಿ ಗಡುವಿಗೆ ಸಲ್ಲಿಕೆಯಾಗದೆ 2025ರ ಮೇನಲ್ಲಿ ಷೇರುಪೇಟೆ ವಹಿವಾಟು ನಿಲ್ಲಿಸಿತು. ತಿಂಗಳುಗಳ ನಂತರ ಪರಿಶೋಧಿತ ಲೆಕ್ಕ ಹೊರಬಂದಾಗ ಭೂಮಿ ಕೊಂಡ ಬೆಲೆಗೇ ವಾಪಸಾಗಿತ್ತು. ಒಟ್ಟು ಆಸ್ತಿ 1.33 ಲಕ್ಷ ಕೋಟಿಯಿಂದ ಸುಮಾರು 3,570 ಕೋಟಿ ಪೆಸೊಗೆ ಇಳಿದಿತ್ತು. ಜಾಗ ಅಷ್ಟೇ ಇದೆ, 366 ಹೆಕ್ಟೇರ್. ಪುಸ್ತಕದಲ್ಲಿ ಚದರ ಮೀಟರಿಗೆ ಮತ್ತೆ ಸಾವಿರ ಚಿಲ್ಲರೆ.